ಶರತ್ಕಾಲದ ಬುತ್ತಿ: ಲೋಕಾಪುರದ ಹೊಲದಿಂದ ರಾಮತೀರ್ಥದ ಅರಮನೆಯವರೆಗೆ

ಮಳೆಗಾಲದ ಕೊನೆಯ ಬೋರ್ಡೋ ಸಿಂಪಡಣೆ ಮುಗಿದಿದೆ. ಅಡಿಕೆಯ ಕೊನೆ ಇಳಿಸುವುದಕ್ಕೂ ಅರೇಬಿಕಾ ಹಣ್ಣು ಬಿಡಿಸುವುದಕ್ಕೂ ಇನ್ನೂ ಕೆಲವು ದಿನಗಳಿವೆ. ಸಣ್ಣ ಬೆಳೆಗಾರನಿಗೆ ವರ್ಷದಲ್ಲಿ ಸಿಗುವ ಬಿಡುವೆಂದರೆ ಇದೊಂದೇ. ಕೊಳೆ ಬಂತೋ, ಎಲೆಚುಕ್ಕಿ ಹರಡಿತೋ, ಕಾಯಿ ಉದುರಿತೋ ಎಂಬ ಚಿಂತೆ ಅಷ್ಟು ಹೊತ್ತಿಗೆ ಒಂದು ನೆಲೆಗೆ ಬಂದಿರುತ್ತದೆ. ಹೋದದ್ದು ಹೋಯಿತು, ಉಳಿದದ್ದು ಮರದ ಮೇಲಿದೆ. ಮಹಾನವಮಿಯಿಂದ ದೀಪಾವಳಿಯವರೆಗಿನ ಈ ಮೂರು ವಾರಗಳಲ್ಲಿ ಮನೆಮಂದಿಯನ್ನು ಕರೆದುಕೊಂಡು ಒಂದೆರಡು ದಿನ ಹೊರಗೆ ಹೋಗಿ ಬರದಿದ್ದರೆ, ಮುಂದೆ ಕಣದಲ್ಲಿ ಅಡಿಕೆ ಹರವಿದ ಮೇಲೆ, ಕಾಫಿ ಒಣಗಲು ಹಾಕಿದ ಮೇಲೆ, ಶಿವರಾತ್ರಿಯವರೆಗೆ ಹೊಸ್ತಿಲು ದಾಟುವ ಮಾತಿಲ್ಲ.

ನಮ್ಮ ಸಂಘದ ಸದಸ್ಯ ಕುಟುಂಬಗಳು ಇಂಥ ಬಿಡುವಿನಲ್ಲಿ ಹೋಗುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ. ಧರ್ಮಸ್ಥಳ, ಮೈಸೂರು ದಸರಾ, ಮುರ್ಡೇಶ್ವರದ ಕಡಲು. ಈ ಸಲ ಮಹಿಳಾ ಸದಸ್ಯರು ಮೊದಲೇ ಪಟ್ಟು ಹಿಡಿದರು: ದೇವಸ್ಥಾನದ ಸರದಿಯಲ್ಲಿ ನಿಂತು ಕಾಲು ನೋಯಿಸಿಕೊಂಡದ್ದು ಸಾಕು, ಒಂದು ಹಳೆಯ ಮನೆ, ಒಂದು ತೋಟ, ಕುಳಿತು ಉಣ್ಣಲು ಒಂದು ಮರದ ನೆರಳು ತೋರಿಸಿ ಎಂದು. ಮಲೆನಾಡಿನವರಿಗೆ ತೋಟ ತೋರಿಸುವುದೆಂದರೆ ಕಡಲಿನವರಿಗೆ ಉಪ್ಪು ಮಾರಿದಂತೆ. ಆದ್ದರಿಂದ ನಾವು ತೋಟವೇ ದುರ್ಲಭವಾದ ಸೀಮೆಯನ್ನು ಆರಿಸಿದೆವು. ಬಾಗಲಕೋಟೆ ಜಿಲ್ಲೆಯ ಲೋಕಾಪುರವನ್ನು ತಂಗುದಾಣ ಮಾಡಿಕೊಂಡು ಮುಧೋಳ, ಜಮಖಂಡಿಗಳ ಹಳೆಯ ಸಂಸ್ಥಾನಗಳ ನೆಲದಲ್ಲಿ ಎರಡು ದಿನ ಕಳೆಯುವುದೆಂದು ನಿಶ್ಚಯವಾಯಿತು. ನಮ್ಮ ಸದಸ್ಯರೊಬ್ಬರ ಬೀಗರ ಮನೆ ಲೋಕಾಪುರದಲ್ಲಿದ್ದದ್ದು ಈ ಆಯ್ಕೆಗೆ ಇನ್ನೊಂದು ಕಾರಣ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಶರತ್ಕಾಲದಲ್ಲಿ ಮನೆಮಂದಿ ಬುತ್ತಿ ಕಟ್ಟಿಕೊಂಡು ಹಳೆಯ ಬಂಗಲೆ, ಅದರ ಉದ್ಯಾನ ನೋಡಲು ಹೋಗುವುದು ಇಂಗ್ಲೆಂಡಿನಲ್ಲಿ ದೊಡ್ಡ ರೂಢಿ. ಅಲ್ಲಿ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೂರಾರು ಜಮೀನ್ದಾರಿ ಮನೆಗಳನ್ನೂ ಅವುಗಳ ತೋಟಗಳನ್ನೂ ಇಟ್ಟುಕೊಂಡು ನೋಡಿಕೊಳ್ಳುತ್ತಿದೆ. ಮನೆಗಳು ಅದರ ಕೈಗೆ ಬಂದದ್ದಕ್ಕೆ ಕಾರಣ ಔದಾರ್ಯವೊಂದೇ ಅಲ್ಲ. ಯಜಮಾನ ತೀರಿಕೊಂಡಾಗ ವಾರಸುದಾರರ ಮೇಲೆ ಬೀಳುತ್ತಿದ್ದ ಆಸ್ತಿ ತೆರಿಗೆಯ ಭಾರ ತಡೆಯಲಾರದೆ ಎಷ್ಟೋ ಮನೆತನಗಳು ಮನೆಯನ್ನು ಟ್ರಸ್ಟಿಗೆ ಒಪ್ಪಿಸಿ, ಅದರಲ್ಲೇ ಒಂದು ಭಾಗದಲ್ಲಿ ಉಳಿದುಕೊಂಡವು. ಇದಕ್ಕೆಂದೇ 1937ರಲ್ಲಿ ಕಾನೂನೂ ಆಯಿತು. ಈಗ ಎಲೆ ಹಣ್ಣಾಗುವ ಕಾಲಕ್ಕೆ ಅಲ್ಲಿನ ಜನ ಮಕ್ಕಳೊಂದಿಗೆ ಹೋಗಿ, ಹುಲ್ಲಿನ ಮೇಲೆ ಕುಳಿತು ತಿಂಡಿ ತಿಂದು ಬರುತ್ತಾರೆ. ಮನೆಯ ಮಾಡು ಸೋರದಂತೆ ನೋಡಿಕೊಳ್ಳಲು ಅವರು ಕೊಡುವ ಪ್ರವೇಶದ ಹಣವೂ ಒದಗುತ್ತದೆ.

ಹಾಗೆಂದು ಇದು ಅವರಿಂದ ಕಲಿತ ವಿದ್ಯೆ ಎಂದು ಯಾರೂ ತಿಳಿಯಬಾರದು. ಕಾರ್ತೀಕ ಮಾಸದ ವನಭೋಜನ ನಮ್ಮ ಹಿರಿಯರ ಪದ್ಧತಿಯೇ. ನೆಲ್ಲಿ ಮರದ ಬುಡಕ್ಕೆ ಪೂಜೆ ಮಾಡಿ, ಅದರ ನೆರಳಲ್ಲೇ ಎಲೆ ಹಾಕಿ, ಬಂಧುಬಳಗ ಸಮೇತ ಉಂಡು ಸಂಜೆಗೆ ಮನೆಗೆ ಮರಳುವುದು. ಬಯಲು ಸೀಮೆಯಲ್ಲಿ ಇದಕ್ಕೂ ಮುಂಚೆ, ವಿಜಯದಶಮಿಯಾದ ಐದನೆಯ ದಿನಕ್ಕೆ, ಸೀಗೆ ಹುಣ್ಣಿಮೆ ಬರುತ್ತದೆ. ನಮ್ಮಲ್ಲಿ ಅದೇ ದಿನ ಭೂಮಿ ಹುಣ್ಣಿಮೆ. ಒಂದೇ ಚಂದ್ರ, ಒಂದೇ ಹಬ್ಬ, ಹೆಸರು ಮಾತ್ರ ಎರಡು. ಆ ದಿನವೇ ಲೋಕಾಪುರದಲ್ಲಿರುವಂತೆ ನಾವು ಹೊರಟೆವು.

ಧಾರವಾಡದಿಂದ ಸವದತ್ತಿ, ಯರಗಟ್ಟಿ ದಾಟಿ ವಿಜಯಪುರದ ಕಡೆಗೆ ಹೋಗುವ ರಸ್ತೆಯೂ ಬಾಗಲಕೋಟೆ ಬೆಳಗಾವಿಗಳ ನಡುವಿನ ರಸ್ತೆಯೂ ಕೂಡುವ ಊರು ಲೋಕಾಪುರ. ದಕ್ಷಿಣಕ್ಕೆ ಮಲಪ್ರಭೆ, ಉತ್ತರಕ್ಕೆ ಘಟಪ್ರಭೆ, ಅದರಾಚೆ ಕೃಷ್ಣೆ. ಮೂರು ಹೊಳೆಗಳ ಸೀಮೆಯಾದರೂ ಮಳೆ ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್ ಮಾತ್ರ. ನಮ್ಮಲ್ಲಿ ಆಷಾಢದ ಒಂದು ವಾರದಲ್ಲಿ ಬೀಳುವಷ್ಟು ಮಳೆ ಇಲ್ಲಿ ಇಡೀ ವರ್ಷಕ್ಕೆ ಬಿದ್ದರೂ ಜನ ಬೆಳೆ ಚೆನ್ನಾಗಿದೆ ಎನ್ನುತ್ತಾರೆ. ನೆಲದಡಿಯಲ್ಲಿ ಸುಣ್ಣದ ಕಲ್ಲು ಹೇರಳ. ಮೇಲೆ ಕೆಲವು ಕಡೆ ಎರೆ ಮಣ್ಣು, ಕೆಲವು ಕಡೆ ಮಸಾರಿ. ನೀರು ಸಿಕ್ಕಿದಲ್ಲೆಲ್ಲ ಆಳೆತ್ತರದ ಕಬ್ಬು. ಸಿಗದಲ್ಲಿ ತೊಗರಿ, ಆಗತಾನೆ ಮೊಳಕೆಯೊಡೆದ ಹಿಂಗಾರಿ ಜೋಳ. ಬಸ್ಸಿನ ಕಿಟಕಿಯಿಂದ ಇಷ್ಟು ದೂರದ ದಿಗಂತ ಕಂಡು ನಮ್ಮ ಮಕ್ಕಳು ಒಂದು ಗಳಿಗೆ ಮಾತು ನಿಲ್ಲಿಸಿದ್ದು ನಿಜ. ಗುಡ್ಡವಿಲ್ಲದ ಆಕಾಶ ಅವರಿಗೆ ಹೊಸದು.

ಬೀಗರು ನಮ್ಮನ್ನು ಮನೆಯಲ್ಲಿ ಕೂರಗೊಡಲಿಲ್ಲ. "ಇವತ್ತ ಮನ್ಯಾಗ ಉಣ್ಣೂ ದಿನಾ ಅಲ್ರೀ, ಹೊಲಕ್ಕ ನಡೀರಿ" ಎಂದು ಟ್ರ್ಯಾಕ್ಟರಿನ ಹಿಂದೆ ಎಲ್ಲರನ್ನೂ ಹತ್ತಿಸಿದರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕರಿಗಡಬು, ಶೇಂಗಾ ಹೋಳಿಗೆ, ಮೊಸರನ್ನ. ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಕೆಮ್ಮಣ್ಣು ಹಚ್ಚಿ, ಪೂಜೆ ಮಾಡಿ, ಎಲ್ಲ ಅಡುಗೆಯಿಂದಲೂ ಒಂದಿಷ್ಟು ಕಲಸಿ ಹೊಲದ ಸುತ್ತ ಚರಗ ಚೆಲ್ಲಿದರು. ಬಸಿರಾದ ಭೂಮಿತಾಯಿಗೆ ಬಯಕೆಯೂಟ. ನಮ್ಮ ಸಾಗರ, ಸೊರಬದ ಕಡೆಯ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಹೊತ್ತು ಬೆಳಗಿನ ಜಾವಕ್ಕೆ ಗದ್ದೆಗೆ, ತೋಟಕ್ಕೆ ಹೋಗುವುದೂ ಇದಕ್ಕಾಗಿಯೇ. ನಮ್ಮ ಜೊತೆಗಿದ್ದ ಒಬ್ಬ ಅಜ್ಜಿ ಇದನ್ನೆಲ್ಲ ನೋಡಿ, "ಇವರ ಬುಟ್ಟಿಗೆ ಚಿತ್ತಾರ ಒಂದಿಲ್ಲ, ಉಳಿದದ್ದೆಲ್ಲ ನಮ್ಮದೇ" ಎಂದು ತೀರ್ಪು ಕೊಟ್ಟರು.

ಊಟವಾದ ಮೇಲೆ ಪಕ್ಕದ ಹೊಲದ ಹಿರಿಯರೊಬ್ಬರು ಬಂದು ಕುಳಿತರು. "ಎಲ್ಲಿಂದ ಬಂದೀರ್ರೀ?" ಎಂದರು. ಮಲೆನಾಡಿನವರು, ಅಡಿಕೆ ಕಾಫಿ ಬೆಳೆಯುವವರು ಎಂದೆವು. "ಹಂಗಾರ ಅಡಕಿ ಸೀಮ್ಯಾವ್ರು!" ಎಂದು ನಕ್ಕು ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದರು. ಅದರಲ್ಲಿದ್ದ ಹೋಳೊಂದನ್ನು ನಮ್ಮ ಸದಸ್ಯರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ರೀತಿ ನೋಡಬೇಕಿತ್ತು. ಮಂಡಿಯಲ್ಲಿ ದರ ಕಟ್ಟುವವನೂ ಅಷ್ಟು ಪರೀಕ್ಷೆ ಮಾಡುವುದಿಲ್ಲ. ಸಂತೆಯಲ್ಲಿ ಕೊಂಡದ್ದಂತೆ. ಮುಗ್ಗಲು ವಾಸನೆ ಸ್ವಲ್ಪ ಇತ್ತು. "ನೀವ ಬೆಳದದ್ದು ನಾವ ತಿಂತೀವ್ರಿ, ಆದ್ರ ನಮ್ಮ ತನಕಾ ಬರೂದ್ರಾಗ ಅದರ ರುಚಿನ ಹೊಕ್ಕೈತಿ" ಎಂದರು ಹಿರಿಯರು. ನಾವು ಬೆಳೆಯುವ ಸರಕಿನ ಕೊನೆಯ ಗಿರಾಕಿಯ ಮುಖವನ್ನು ನಾವು ಎಷ್ಟು ಮಂದಿ ನೋಡಿದ್ದೇವೆ? ಮನೆಯಿಂದ ತಂದಿದ್ದ ಒಳ್ಳೆಯ ಅಡಿಕೆಯನ್ನು ಒಂದು ಬೊಗಸೆ ಕೊಟ್ಟೆವು. ಅವರು ಒಂದನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬೇರೆ ಗಂಟು ಕಟ್ಟಿ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಮುಧೋಳ. ದಾರಿಯಲ್ಲಿ ಬೀಗರು ಹಲಗಲಿಯ ಮಾತು ತೆಗೆದರು. ಅರಮನೆ ನೋಡುವ ಉತ್ಸಾಹದಲ್ಲಿದ್ದ ನಮಗೆ ಆ ಮಾತು ಬೇಕಾದದ್ದೇ ಆಗಿತ್ತು. 1857ರಲ್ಲಿ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಆ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಅವರ ಹೆಸರುಗಳು ಇಂದಿಗೂ ಲಾವಣಿಗಳಲ್ಲಿ ಉಳಿದಿವೆ. ಸಂಸ್ಥಾನಗಳ ಚರಿತ್ರೆಯೆಂದರೆ ಉದ್ಯಾನ, ದರ್ಬಾರು, ಬೇಟೆ ಮಾತ್ರ ಅಲ್ಲ ಎಂಬುದನ್ನು ಮಕ್ಕಳಿಗೆ ಹೇಳಲು ಅರಮನೆಯ ಹೊಸ್ತಿಲಿಗಿಂತ ಈ ರಸ್ತೆಯೇ ತಕ್ಕ ಜಾಗ.

ಮುಧೋಳ ಘಟಪ್ರಭೆಯ ಎಡದಂಡೆಯ ಊರು, ಘೋರ್ಪಡೆ ಮನೆತನದ ಸಂಸ್ಥಾನದ ರಾಜಧಾನಿ. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಪೂರ್ವಜನಿಂದ ಈ ಹೆಸರು ಬಂತೆಂದು ಮನೆತನದ ಕಥೆ. 1901ರ ಗಣತಿಯಲ್ಲಿ ಈ ಸಂಸ್ಥಾನದ ಜನಸಂಖ್ಯೆ 63 ಸಾವಿರ. ಅಂದರೆ ನಮ್ಮ ಇಂದಿನ ಒಂದು ಸಣ್ಣ ತಾಲ್ಲೂಕಿಗೂ ಕಡಿಮೆ. ಆದರೂ ಈ ಚಿಕ್ಕ ಊರಿನ ಹೆಸರು ಎರಡು ಕಾರಣಕ್ಕೆ ದೂರ ಹೋಗಿದೆ. ಒಂದು ಕವಿ ರನ್ನ. ಹತ್ತನೆಯ ಶತಮಾನದ ಈ ಬಳೆಗಾರರ ಮಗ ಮುದುವೊಳಲು ಎಂದು ಕರೆಯುತ್ತಿದ್ದ ಈ ಊರಿನವನೇ. ಇನ್ನೊಂದು ಮುಧೋಳ ನಾಯಿ. ತೆಳ್ಳನೆಯ ಮೈ, ಉದ್ದನೆಯ ಕಾಲು, ಮೊಲದ ಬೆನ್ನು ಹತ್ತಿದರೆ ಬಿಡದ ಓಟ. ಇದರ ತಳಿಯನ್ನು ಬೆಳೆಸಿದವರಲ್ಲಿ ರಾಜಾ ಮಾಲೋಜಿರಾವ್ ಘೋರ್ಪಡೆಯವರ ಹೆಸರು ಮುಖ್ಯ. 2005ರಲ್ಲಿ ಇದರ ಚಿತ್ರವಿರುವ ಅಂಚೆ ಚೀಟಿಯೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಮ್ಮ ಮಕ್ಕಳಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಈ ನಾಯಿಯೇ. ಕಾಡುಹಂದಿ ಕಾಟಕ್ಕೆ ಒಂದು ಜೋಡಿ ಒಯ್ಯೋಣವೇ ಎಂದು ಕೆಲವು ಹಿರಿಯರೂ ಕೇಳಿದರು. ಅವುಗಳದ್ದು ಬಯಲಿನಲ್ಲಿ ಕಣ್ಣಿಗೆ ಕಂಡ ಬೇಟೆಯನ್ನು ಅಟ್ಟುವ ಸ್ವಭಾವ. ಕಾಫಿ ಗಿಡಗಳ ಸಂದಿಯಲ್ಲಿ, ಬೇಲಿಯ ಮುಳ್ಳಿನಲ್ಲಿ, ಜಿಗಣೆಯ ನಡುವೆ ಅವಕ್ಕೆ ಸುಖವಿಲ್ಲ.

ಮುಧೋಳದಿಂದ ಜಮಖಂಡಿಗೆ ಒಂದು ಗಂಟೆಯೊಳಗಿನ ದಾರಿ. ಕಬ್ಬು ಅರೆಯುವ ಕಾಲ ಆರಂಭವಾದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಎರಡು ಗಂಟೆಯಾದರೂ ಆಶ್ಚರ್ಯವಿಲ್ಲ.

ಜಮಖಂಡಿ ಪಟವರ್ಧನರ ಸಂಸ್ಥಾನ. ಈ ಮನೆತನದ ಮೂಲ ಕೊಂಕಣ. ನಮ್ಮಂತೆಯೇ ತೆಂಗು ಅಡಿಕೆಯ ನಾಡಿನಿಂದ ಘಟ್ಟ ಹತ್ತಿ ಬಂದವರು. ಪೇಶ್ವೆಯರ ಸೇವೆಯಲ್ಲಿ ಏರಿ, ಮುಂದೆ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಎಂದು ಶಾಖೆಗಳಾದರು. ಜಮಖಂಡಿಯದು 1811ರಲ್ಲಿ ಬೇರೆಯಾದ ಶಾಖೆ. 1901ರಲ್ಲಿ ಸಂಸ್ಥಾನದ ವಿಸ್ತಾರ 524 ಚದರ ಮೈಲಿ, ಜನಸಂಖ್ಯೆ ಒಂದು ಲಕ್ಷ ಐದು ಸಾವಿರ ಚಿಲ್ಲರೆ, ರಾಜಧಾನಿಯಲ್ಲಿ ಹದಿಮೂರು ಸಾವಿರ. ಊರಿನ ಪಕ್ಕದ ಗುಡ್ಡವೇ ರಾಮತೀರ್ಥ. ಮೇಲೆ ರಾಮೇಶ್ವರನ ಗುಡಿ. ಅಲ್ಲಿಯೇ ಪಟವರ್ಧನರ ಅರಮನೆ. ಊರಿನ ಗದ್ದಲದಿಂದ ಬೇರೆಯಾಗಿ, ಗಾಳಿ ಬೀಸುವ ಎತ್ತರದಲ್ಲಿ ಕಟ್ಟಿಕೊಂಡ ಮನೆ. ಅದರೊಳಗೆ ಹೋಗಬೇಕೆನ್ನುವವರು ಮುಂಚೆಯೇ ವಿಚಾರಿಸಿ ಅನುಮತಿ ಪಡೆದು ಹೋಗಬೇಕು. ಮೈಸೂರು ಅರಮನೆಯಲ್ಲಿ ಚೀಟಿ ಕೊಂಡು ಒಳನುಗ್ಗುವ ಅಭ್ಯಾಸವನ್ನು ಇಲ್ಲಿ ತೋರಿಸಬಾರದು. ನಾವು ದೇವರ ದರ್ಶನ ಮಾಡಿ, ಕಟ್ಟಡವನ್ನು ಹೊರಗಿನಿಂದಲೇ ಕಣ್ತುಂಬ ನೋಡಿ, ನೆರಳಿರುವಲ್ಲಿ ಜಮಖಾನೆ ಹಾಸಿ ಕುಳಿತೆವು. ಕೆಳಗೆ ಊರಿನ ಮಾಳಿಗೆಗಳು, ಆಚೆ ಕಬ್ಬಿನ ಹಸುರು, ಅದಕ್ಕೂ ಆಚೆ ಕೃಷ್ಣೆಯ ದಿಕ್ಕು. ಮಧ್ಯಾಹ್ನದ ಬಿಸಿಲು ಚುರುಕಾಗಿದ್ದರೂ ಗಾಳಿ ತಂಪಾಗಿತ್ತು. ಎರಡು ಗಂಟೆ ಯಾರೂ ಏಳಲಿಲ್ಲ.

ಬೆಳೆಗಾರರು ಸುಮ್ಮನೆ ಕುಳಿತರೂ ಲೆಕ್ಕ ನಿಲ್ಲುವುದಿಲ್ಲ. ಈ ಕಲ್ಲುಗುಡ್ಡದ ಮೇಲೆ ತೋಟ ಮಾಡಬೇಕಾದರೆ ನೀರೆಷ್ಟು ಬೇಕು ಎಂಬ ಪ್ರಶ್ನೆ ಎದ್ದಿತು. ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ಒಂದು ಸರದಿಗೆ 175 ಲೀಟರ್ ಎಂಬುದು ನಮಗೆಲ್ಲ ಬಾಯಿಪಾಠವಾದ ಶಿಫಾರಸು. ನಾಲ್ಕು ದಿನಕ್ಕೊಮ್ಮೆಯೆಂದರೂ ನೂರು ಮರಕ್ಕೆ ಪ್ರತಿ ಸರದಿಗೆ 17,500 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಹೊತ್ತರೆ ಸಾವಿರದ ನೂರಕ್ಕೂ ಹೆಚ್ಚು ಕೊಡ, ಅದೂ ಗುಡ್ಡ ಹತ್ತಿ. ವಿದ್ಯುತ್ ಪಂಪು ಬರುವ ಮುಂಚಿನ ಕಾಲದಲ್ಲಿ ಬಯಲು ಸೀಮೆಯ ಅರಸನೊಬ್ಬನ ಹೂದೋಟ ಎಂದರೆ ಎತ್ತುಗಳ ಕಪಿಲೆ, ಆಳುಗಳ ಹೆಗಲು. ಒಂದು ಗುಲಾಬಿಯ ಹಿಂದೆ ಎಷ್ಟು ಕೊಡ ನೀರು, ಆ ಕೊಡ ಹೊತ್ತವರ ಹೊಲಕ್ಕೆ ಎಷ್ಟು ನೀರು? ಈ ಪ್ರಶ್ನೆಯನ್ನು ನಮ್ಮ ಜೊತೆಗಿದ್ದ ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ಹಿರಿಯರು ಯಾರೂ ಅವಸರದಲ್ಲಿ ಉತ್ತರಿಸಲಿಲ್ಲ. ನಮ್ಮ ಘಟ್ಟದ ಬಂಗಲೆಗಳ ಹೂದೋಟಕ್ಕೂ ಯಾರೋ ನೀರು ಹೊತ್ತವರೇ ತಾನೆ.

ಜಮಖಂಡಿಯ ನೆಲದಲ್ಲೇ ಇದಕ್ಕೆ ಒಂದು ಉತ್ತರ ಸಿಗುತ್ತದೆ. ಕೃಷ್ಣೆ ಪಕ್ಕದಲ್ಲೇ ಹರಿದರೂ ಬೇಸಿಗೆಗೆ ಒಣಗುತ್ತಿದ್ದ ಕಾಲದಲ್ಲಿ, ಸರ್ಕಾರದ ಹಣಕ್ಕೆ ಕಾದು ಬೇಸತ್ತ ಇಲ್ಲಿನ ರೈತರು ತಾವೇ ವಂತಿಗೆ ಹಾಕಿ, ತಾವೇ ಮೈ ಬಗ್ಗಿಸಿ ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಮುಂದಾಳಾಗಿ ನಿಂತ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಪ್ರಸಿದ್ಧರಾಗಿ, 1991ರಲ್ಲಿ ಲೋಕಸಭೆಗೆ ಆರಿಸಿ ಹೋಗಿ, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಹಕಾರದ ಹೆಸರು ಹೇಳಿಕೊಂಡು ಬದುಕುವ ನಮ್ಮಂಥವರು ಅರಮನೆಯಷ್ಟೇ ಗೌರವದಿಂದ ನೋಡಬೇಕಾದ ಕಟ್ಟಡ ಇದು. ನಮ್ಮ ಪಟ್ಟಿಯಲ್ಲಿ ಮೊದಲು ಇರಲಿಲ್ಲ, ಬೀಗರು ಸೇರಿಸಿದರು. ಸಂಜೆಯ ಹೊತ್ತು ನೀರಿನ ಪಕ್ಕ ಅವಲಕ್ಕಿ ತಿಂದೆವು.

ಇನ್ನು ಅರಮನೆಯ ವಿಷಯ. ಕೊನೆಯ ಅರಸರು ಶಂಕರರಾವ್ ಪಟವರ್ಧನರು. ತಂದೆ ಪರಶುರಾಮರಾವ್ ಅವರ ನಂತರ 1924ರಲ್ಲಿ ಪಟ್ಟಕ್ಕೆ ಬಂದವರು. ಪುಣೆಯ ಸರ್ ಪರಶುರಾಮಭಾವು ಕಾಲೇಜಿಗೆ ಆ ತಂದೆಯ ಹೆಸರೇ. 1916ರಲ್ಲಿ ನ್ಯೂ ಪೂನಾ ಕಾಲೇಜಾಗಿ ಆರಂಭವಾದ ಅದಕ್ಕೆ ಜಮಖಂಡಿಯ ದಾನದಿಂದ ಈ ಹೆಸರು ಬಂತು. ಸಂಸ್ಥಾನದ ಕೊನೆಯ ದಿನಗಳಲ್ಲಿ ಇಲ್ಲಿ ಆಡಳಿತ ನಡೆಸಿದ ಮುಖ್ಯಮಂತ್ರಿ ಸಾವಳಗಿಯ ಬಿ.ಡಿ. ಜತ್ತಿಯವರು. ಮುಂದೆ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಿಂದ 1979ರವರೆಗೆ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ ಆದವರು ಇವರೇ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಮಾಜಿ ಅರಸರ ರಾಜಧನವೂ ನಿಂತಿತು. ಅಲ್ಲಿಂದ ಮುಂದೆ ನಾಡಿನ ಪ್ರತಿಯೊಂದು ಸಣ್ಣ ಸಂಸ್ಥಾನದ ಮನೆಯೂ ಒಂದೇ ಪ್ರಶ್ನೆಯನ್ನು ಎದುರಿಸಿದೆ: ಕಂದಾಯದಿಂದ ಕಟ್ಟಿದ ಮನೆಯನ್ನು ಸ್ವಂತ ದುಡಿಮೆಯಿಂದ ಕಾಪಾಡುವುದು ಹೇಗೆ? ಕೆಲವು ಶಾಲೆಗಳಾದವು, ಕೆಲವು ಕಚೇರಿಗಳಾದವು, ಕೆಲವು ಹೋಟೆಲುಗಳಾದವು, ಕೆಲವು ಕಲ್ಲುಗುಡ್ಡೆಯಾದವು.

ಅರಸರ ಕಷ್ಟಕ್ಕೆ ಕಣ್ಣೀರು ಹಾಕಬೇಕೆಂದು ಇದನ್ನು ಬರೆಯುತ್ತಿಲ್ಲ. ಅದೇ ಪ್ರಶ್ನೆ ಈಗ ನಮ್ಮ ಅಂಗಳಕ್ಕೆ ಬಂದಿದೆ. ಸದಸ್ಯರೇ ತಮ್ಮ ಊರುಕೇರಿಯನ್ನು ಒಮ್ಮೆ ನೆನೆಸಿಕೊಳ್ಳಲಿ. ಹಲಸಿನ ಕಂಬದ, ಬೀಟೆಯ ಬಾಗಿಲಿನ, ತೊಟ್ಟಿಯ ಸುತ್ತ ಮೂವತ್ತು ಜನ ಮಲಗುತ್ತಿದ್ದ ಮನೆಗಳಲ್ಲಿ ಈಗ ಇರುವವರು ಇಬ್ಬರು, ಅವರಿಗೂ ಎಪ್ಪತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಒಂದು ವರ್ಷ ಬಿಟ್ಟರೆ ಪಕಾಸಿಗೆ ಗೆದ್ದಲು. ಹಿಸ್ಸೆಯಾದ ಮೇಲೆ ಮನೆ ಯಾರದ್ದೂ ಅಲ್ಲ. ಆಗ ಒಂದು ದಿನ ಪೇಟೆಯ ವ್ಯಾಪಾರಿ ಲಾರಿ ತಂದು, ಕಂಬಕ್ಕೆ ಇಷ್ಟು, ಬಾಗಿಲಿಗೆ ಇಷ್ಟು, ಚಿತ್ತಾರದ ತೊಲೆಗೆ ಇಷ್ಟು ಎಂದು ಎಣಿಸಿ ಕೊಂಡು ಹೋಗುತ್ತಾನೆ. ಅವು ದೂರದ ಊರಿನ ಹೋಟೆಲಿನ ಮುಂಬಾಗಿಲಿಗೆ ಶೃಂಗಾರವಾಗುತ್ತವೆ. ಮಾರಿದವನನ್ನು ಬೈಯುವುದು ಸುಲಭ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ರಾತ್ರಿ ಕಳೆದವನೇ ಬೈಯಲಿ.

ರಾಮತೀರ್ಥದ ನೆರಳಲ್ಲಿ ಈ ಮಾತು ಬಂದಾಗ ನಮ್ಮೊಳಗೆ ಎರಡು ಪಕ್ಷವಾಯಿತು. ಮನೆ ಇರುವುದು ಜನ ಬಾಳುವುದಕ್ಕೆ, ಬಾಳುವವರಿಲ್ಲದ ಮೇಲೆ ಮರವನ್ನು ಗೆದ್ದಲಿಗೆ ಕೊಡುವುದಕ್ಕಿಂತ ಮಾರುವುದೇ ಲೇಸು ಎಂದರು ಒಬ್ಬರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ತಮ್ಮ ಅಜ್ಜನ ಮನೆಯ ಜಗುಲಿ, ಎರಡು ಕೋಣೆ ಮಾತ್ರ ರಿಪೇರಿ ಮಾಡಿಸಿ ಪ್ರವಾಸಿಗರಿಗೆ ಬಿಡುತ್ತಿರುವ ದಂಪತಿಗಳು ಇನ್ನೊಂದು ಲೆಕ್ಕ ಹೇಳಿದರು. ಬಂದ ಬಾಡಿಗೆಯಲ್ಲಿ ಲಾಭ ಎನ್ನುವಂಥದ್ದು ಹೆಚ್ಚಿಲ್ಲವಂತೆ. ಆದರೆ ವರ್ಷದ ಹೆಂಚಿನ ಖರ್ಚು, ಗೆದ್ದಲಿನ ಔಷಧಿ, ಅಂಗಳ ಬಳಿಯುವವರ ಕೂಲಿ ಹುಟ್ಟುತ್ತದೆ. ಮುಖ್ಯವಾಗಿ, ಜನ ಬರುತ್ತಾರೆಂಬ ಕಾರಣಕ್ಕೆ ದಿನವೂ ಒಲೆ ಉರಿಯುತ್ತದೆ. ಹೊಗೆ ಕಂಡ ಮರಕ್ಕೆ ಹುಳು ಬೇಗ ಬೀಳದು ಎಂಬುದು ಹಳಬರಿಗೆ ಗೊತ್ತಿದ್ದ ವಿಷಯ. ನಮ್ಮ ಅಭಿಪ್ರಾಯ ಈ ದಂಪತಿಗಳ ಕಡೆಗಿದೆ, ಆದರೆ ಎಲ್ಲ ಮನೆಗೂ ಇದು ಒಗ್ಗುವುದಿಲ್ಲ. ರಸ್ತೆ ಇಲ್ಲದ ಮನೆಗೆ, ವಯಸ್ಸಾದ ಹೆಂಗಸೊಬ್ಬರೇ ಇರುವ ಮನೆಗೆ ಅತಿಥಿಗಳನ್ನು ಕರೆಯಿರಿ ಎನ್ನುವುದು ನ್ಯಾಯವಲ್ಲ. ಅಂಥ ಕಡೆ ನಾಲ್ಕು ಮನೆಯ ಹೆಂಚು ಕೆಲಸವನ್ನು ಒಂದೇ ತಂಡಕ್ಕೆ ಕೊಡಿಸುವಷ್ಟನ್ನು ಸಂಘವೇ ಮಾಡಬಹುದು. ಬೋರ್ಡೋ ಹೊಡೆಯಲು ಕೊನೆಗಾರರ ತಂಡ ಗೊತ್ತು ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ.

ಸರ್ಕಾರದ ಸುಪರ್ದಿಯಲ್ಲಿ ಉಳಿದ ಮನೆಗಳೂ ಇವೆ. ಕಾಫಿ ತೋಟಗಳ ನಡುವೆಯೇ, ಕಕ್ಕಬ್ಬೆಯ ಹತ್ತಿರ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನಮ್ಮ ಕೊಡಗಿನ ಸದಸ್ಯರು ಬಲ್ಲರು. ಮಣ್ಣು, ಮರ, ಹೆಂಚು, ಮಾಳಿಗೆಯ ಆ ಮನೆ ನಮ್ಮದೇ ದೊಡ್ಡ ಮನೆಯೊಂದರ ಅಣ್ಣನಂತಿದೆ. ಈ ಕಡೆ ಇನ್ನೊಂದು ದಿನ ಕೈಯಲ್ಲಿರುವವರು ವಿಜಯಪುರ ದಾಟಿ ಸಿಂದಗಿ ರಸ್ತೆಯಲ್ಲಿ ಕುಮಟಗಿಗೆ ಹೋಗಬೇಕು. ಆದಿಲಶಾಹಿ ಸುಲ್ತಾನರು ದಣಿವಾರಿಸಿಕೊಳ್ಳಲು ಕೆರೆಯ ಪಕ್ಕದಲ್ಲಿ ಕಟ್ಟಿಸಿದ ವಿಹಾರ ಮಂಟಪಗಳು ಅಲ್ಲಿವೆ. ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಕೊಳವೆಗಳಲ್ಲಿ ಇಳಿಸಿ, ಕಾರಂಜಿಯಾಗಿ ಚಿಮ್ಮಿಸುವ ವ್ಯವಸ್ಥೆ. ಗೋಡೆಯ ಮೇಲೆ ಕುದುರೆಯೇರಿ ಚೆಂಡಾಡುವವರ, ಕುಸ್ತಿ ಹಿಡಿಯುವವರ ಚಿತ್ರಗಳು. ಬಣ್ಣ ಬಹಳ ಮಾಸಿದೆ. ತುಂತುರು ನೀರಾವರಿ ಹಾಕಿಸಿಕೊಂಡ ನಮ್ಮವರು ಆ ಕೊಳವೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆಂದು ನಮ್ಮ ಊಹೆ.

ಆಲಮಟ್ಟಿಯ ಉದ್ಯಾನಗಳು ಈಗ ಈ ಸೀಮೆಯ ಶಾಲಾ ಮಕ್ಕಳ ದೊಡ್ಡ ವಿಹಾರ ಸ್ಥಳ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು. ಶರತ್ಕಾಲದಲ್ಲಿ ನೀರು ತುಂಬಿ ಸಮುದ್ರದಂತೆ ಕಾಣುತ್ತದೆ. ಹೂವು, ಕಾರಂಜಿ, ದೀಪ ಎಲ್ಲ ಚೆನ್ನಾಗಿದೆ. ಆದರೆ ಆ ನೀರಿನಡಿಯಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗ, ಬೀಳಗಿ ಸೀಮೆಯ ಹೊಲ ಮನೆಗಳು ಇವೆ ಎಂಬುದನ್ನು ಮರೆತು ನೋಡುವುದು ಕಷ್ಟ. ಶರಾವತಿಯ ಮುಳುಗಡೆಯನ್ನು ಕಂಡ ನಮ್ಮ ಸದಸ್ಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವವರಿಗೆ ಕೆಲವು ಸೂಚನೆ. ಸೀಗೆ ಹುಣ್ಣಿಮೆಗೆ ಸರಿಯಾಗಿ ಹೋದರೆ ಬುತ್ತಿ ಕಟ್ಟುವ ಅಗತ್ಯವೇ ಇಲ್ಲ, ಯಾವ ಹೊಲದವರೂ ಕರೆದು ಬಡಿಸುತ್ತಾರೆ. ಬೇರೆ ದಿನಗಳಲ್ಲಿ ಖಾನಾವಳಿಯ ರೊಟ್ಟಿ ಊಟ ಒಳ್ಳೆಯದು, ಖಾರ ಮಾತ್ರ ಮಕ್ಕಳಿಗೆ ಮೊದಲೇ ಹೇಳಿ ಕಡಿಮೆ ಮಾಡಿಸಬೇಕು. ತಲೆಗೆ ಟೊಪ್ಪಿಗೆ ಇರಲಿ, ಅಕ್ಟೋಬರಿನ ಬಿಸಿಲು ನಮ್ಮ ಮಾರ್ಚಿನದಕ್ಕೆ ಸಮ. ಹಿಂಗಾರು ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲಿಯೇ ಉಳಿಯುತ್ತದೆ. ಬಾಗಲಕೋಟೆಯ ಕಡೆಯಿಂದ ಬರುವವರು ಕಲಾದಗಿಯಲ್ಲಿ ಇಳಿದು ದಾಳಿಂಬೆ, ಚಿಕ್ಕು ತೋಟಗಳನ್ನು ನೋಡಬಹುದು. ದುಂಡಾಣು ಅಂಗಮಾರಿ ಬಂದು ದಾಳಿಂಬೆ ಕಿತ್ತು ಹಾಕಿದ ಬೆಳೆಗಾರರೊಡನೆ ಅರ್ಧ ಗಂಟೆ ಮಾತಾಡಿದರೆ, ಎಲೆಚುಕ್ಕಿಯಿಂದ ನೊಂದವರಿಗೆ ಜೊತೆ ಸಿಕ್ಕಂತಾಗುತ್ತದೆ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಮುಂಚೆ ಬರೆದು ಹೋದರೆ ಪ್ರಯೋಜನ. ರಾತ್ರಿ ಎಲ್ಲಾದರೂ ಶ್ರೀಕೃಷ್ಣ ಪಾರಿಜಾತದ ಬಯಲಾಟವಿದ್ದರೆ ತಪ್ಪಿಸಬಾರದು. ಒಂದು ಹೂವಿನ ಗಿಡ ಯಾರ ಅಂಗಳದಲ್ಲಿರಬೇಕೆಂದು ರುಕ್ಮಿಣಿ ಸತ್ಯಭಾಮೆಯರು ಹೂಡುವ ಜಗಳ ಅದು. ಬೇಲಿ ತಕರಾರಿನಲ್ಲಿ ಪಳಗಿದ ನಮ್ಮವರಿಗೆ ಸಲೀಸಾಗಿ ಅರ್ಥವಾಗುತ್ತದೆ.

ಹೆಂಗಸರು ಬನಹಟ್ಟಿಯಲ್ಲಿ ಮಗ್ಗದ ಸೀರೆ ನೋಡದೆ ಬಸ್ಸು ಹತ್ತಲಾರರು, ಅದಕ್ಕೆ ಮೂರು ಗಂಟೆ ತೆಗೆದಿಡಬೇಕು. ಗಂಡಸರು ಆ ಮೂರು ಗಂಟೆಯಲ್ಲಿ ಮಹಾಲಿಂಗಪುರಕ್ಕೆ ಹೋಗಿ ಬೆಲ್ಲ ಕೊಳ್ಳಬಹುದು. ನಾವು ಕೊಂಡ ಪೆಂಟೆಗಳನ್ನು ಬಸ್ಸಿನ ಮೇಲೆ ಹಾಕಿ ಟಾರ್ಪಾಲು ಕಟ್ಟಿದೆವು. ಬೀಗರ ಮನೆಯವರು ಹೊರಡುವಾಗ ಪ್ರತಿ ಕುಟುಂಬಕ್ಕೂ ಒಂದೊಂದು ಗಂಟು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕೊಟ್ಟರು. ಕೊಯ್ಲು ಮುಗಿದ ಮೇಲೆ ಅವರು ನಮ್ಮ ಕಡೆ ಬರುವವರಿದ್ದಾರೆ. ಹನ್ನೆರಡು ಜನರಾಗಬಹುದು. ಯಾವ ಮನೆಯ ಜಗುಲಿಯಲ್ಲಿ ಅವರಿಗೆ ಇಳಿದುಕೊಳ್ಳುವ ಏರ್ಪಾಡು ಮಾಡುವುದೆಂದು ಮುಂದಿನ ಸಭೆಯಲ್ಲಿ ಮಾತಾಡಬೇಕಿದೆ. ಹಳೆಯ ಮನೆಯುಳ್ಳ ಸದಸ್ಯರು, ಮಾಡು ಸೋರುತ್ತಿದ್ದರೂ ಚಿಂತೆಯಿಲ್ಲ, ಕಚೇರಿಯಲ್ಲಿ ಹೆಸರು ಬರೆಸಬಹುದು.